ಸೇತುವೆ ಇಲ್ಲದ ಚಿತ್ರ

ಕೃಷ್ಣಾ ನದಿಯ ಒಂದು ಚಿತ್ರ ನನಗೆ ಬೇಕಾಗಿತ್ತು. ಕುಡಚಿಯ ಸಮೀಪದ ಪ್ರೌಢಶಾಲೆಯೊಂದರಲ್ಲಿ ನಾನು ಭೂಗೋಲವನ್ನು ಕಲಿಸುತ್ತಿದ್ದೆ. ತರಗತಿಯ ಗೋಡೆಯ ಮೇಲೆ ನೈಲ್ ನದಿಯ ಚಿತ್ರವಿತ್ತು, ರೈನ್ ನದಿಯ ಚಿತ್ರವಿತ್ತು. ಶಾಲೆಯಿಂದ ಮುಕ್ಕಾಲು ಗಂಟೆ ನಡೆದರೆ ಕಾಲಿಗೆ ತಾಗುವ ಕೃಷ್ಣೆಯ ಚಿತ್ರ ಮಾತ್ರ ಇರಲಿಲ್ಲ. ಮಳೆಗಾಲದಲ್ಲಿ ತಾನಾಗಿಯೇ ಹೊಲಕ್ಕೆ ಬರುವ ಹೊಳೆಯನ್ನು ಮಕ್ಕಳು ಚಿತ್ರದಲ್ಲಿ ನೋಡುವ ಅಗತ್ಯವಾದರೂ ಏನೆಂದು ಸಹೋದ್ಯೋಗಿಯೊಬ್ಬರು ನಕ್ಕರು. ಕಣ್ಣೆದುರಿಗಿರುವುದನ್ನೇ ನಾವು ನೋಡುವುದಿಲ್ಲ ಎಂದು ನಾನು ದೊಡ್ಡ ಮಾತೊಂದನ್ನು ಆಡಿದೆ. ಆಗ ನನಗೆ ಇಪ್ಪತ್ತೆಂಟು ವರ್ಷ. ಆ ವಯಸ್ಸಿನಲ್ಲಿ ಇಂಥ ಮಾತುಗಳು ಸುಲಭವಾಗಿ ಬರುತ್ತವೆ.

೧೯೮೨ರ ದೀಪಾವಳಿಗೆ ಕೈಯಲ್ಲಿದ್ದ ಹಣವನ್ನೆಲ್ಲ ಕೂಡಿಸಿ ಒಂದು ಕ್ಯಾಮೆರಾ ಕೊಂಡೆ. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-೩ ಎಂಬ ಕಪ್ಪು ಪೆಟ್ಟಿಗೆ ಅದು. ಹೊಂದಿಸಿಕೊಳ್ಳಲು ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಒಂದು ಸುರುಳಿ ಫಿಲ್ಮಿಗೆ ಹನ್ನೆರಡು ಚೌಕಾಕಾರದ ಚಿತ್ರಗಳು. ಪ್ರತಿ ಚಿತ್ರವಾದ ಮೇಲೆ ಗುಂಡಿಯನ್ನು ತಿರುಗಿಸಿ, ಬೆನ್ನಿನ ಮೇಲಿನ ಕೆಂಪು ಕಿಂಡಿಯಲ್ಲಿ ಮುಂದಿನ ಅಂಕಿ ಮೂಡುವವರೆಗೆ ಕಾಯಬೇಕು. ಇಂದು ಕೈಯಲ್ಲಿ ಫೋನು ಹಿಡಿದು ಒಂದು ಊಟದ ಹೊತ್ತಿಗೆ ನಲವತ್ತು ಚಿತ್ರ ತೆಗೆಯುವವರಿಗೆ ಆ ಹನ್ನೆರಡರ ಬೆಲೆ ಅರ್ಥವಾಗುವುದು ಕಷ್ಟ. ಫಿಲ್ಮಿಗೆ ಹಣ, ಅದನ್ನು ತೊಳೆಸಲು ಮಿರಜಿಗೆ ಹೋಗುವ ರೈಲಿಗೆ ಹಣ, ಅಚ್ಚು ಹಾಕಿಸಲು ಮತ್ತೆ ಹಣ. ಆದ್ದರಿಂದ ಹನ್ನೆರಡು ಚಿತ್ರಗಳ ಪಟ್ಟಿಯೊಂದನ್ನು ಮೊದಲೇ ಬರೆದುಕೊಂಡೆ: ನದಿಯ ತಿರುವು, ಎರೆಯ ಮಣ್ಣು, ಕಬ್ಬಿನ ಗದ್ದೆ, ರೈಲು ಸೇತುವೆ, ಸಕ್ಕರೆ ಕಾರ್ಖಾನೆಯ ಚಿಮಣಿ, ಹೀಗೆ. ಪಟ್ಟಿಯಲ್ಲಿ ಮನುಷ್ಯರಿರಲಿಲ್ಲ. ಮೈಸೂರಿನ ಟಿ. ಎಸ್. ಸತ್ಯನ್ ಅವರು ತೆಗೆದ ಮಕ್ಕಳ ಚಿತ್ರಗಳು ೧೯೭೯ರಲ್ಲಿ, ಅಂತಾರಾಷ್ಟ್ರೀಯ ಮಕ್ಕಳ ವರ್ಷದ ಸಂದರ್ಭದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಪ್ರದರ್ಶನಗೊಂಡುವೆಂದು ನಾನು ಓದಿದ್ದೆ. ಅಪರಿಚಿತರ ಮುಖದೆದುರು ಕ್ಯಾಮೆರಾ ಹಿಡಿಯುವ ಧೈರ್ಯ ಅಂಥವರಿಗಿರಬೇಕು. ನನಗೆ ನದಿಯೇ ಸಾಕಾಗಿತ್ತು. ನದಿ ಏನನ್ನೂ ಕೇಳುವುದಿಲ್ಲ.

ಆದರೆ ನದಿಯ ದಂಡೆಯಲ್ಲಿ ಜನರಿರುತ್ತಾರೆ.

೧೯೮೩ರ ಜನವರಿಯ ಒಂದು ರವಿವಾರ ಬೆಳಿಗ್ಗೆ ಕುಡಚಿ ನಿಲ್ದಾಣದಿಂದ ಹಳಿಯ ಪಕ್ಕದ ಕಾಲುದಾರಿ ಹಿಡಿದು ಹೊರಟೆ. ಮಿರಜಿನಿಂದ ಬೆಳಗಾವಿಯ ಕಡೆಗೆ ಬರುವ ರೈಲು ಕುಡಚಿಗೂ ಉಗಾರ ಖುರ್ದಕ್ಕೂ ನಡುವೆ ಕೃಷ್ಣೆಯನ್ನು ದಾಟುತ್ತದೆ. ಆಗ ಅದು ಮೀಟರ್ ಗೇಜಿನ ಹಳಿ; ಉಗಿಬಂಡಿಯ ಹೊಗೆ ಹೊಳೆಯ ಮೇಲೆ ತುಸು ಹೊತ್ತು ನಿಂತೇ ಇರುತ್ತಿತ್ತು. ಚಳಿಗಾಲದ ಹೊಳೆ ತೆಳ್ಳಗೆ, ಹಸಿರಾಗಿ ಹರಿಯುತ್ತಿತ್ತು. ಸೇತುವೆಯ ಕಲ್ಲಿನ ಕಂಬಗಳು ನೀರಿನಲ್ಲಿ ಸೊಗಸಾಗಿ ಮೂಡಿದ್ದವು. ನಾನು ಪೆಟ್ಟಿಗೆಯನ್ನು ಎದೆಗಾನಿಸಿ ಉಸಿರು ಬಿಗಿಹಿಡಿದಿದ್ದೆ. ಅಷ್ಟರಲ್ಲಿ ಹಿಂದಿನಿಂದ ಒಂದು ಧ್ವನಿ ಬಂದಿತು:

“ಏನ್ ಮಾಡಾಕತ್ತೀರಿ ಸರ?”

ರೈಲ್ವೆಯ ಗ್ಯಾಂಗ್‌ಮನ್. ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ, ಕಂಕುಳಲ್ಲಿ ಸುತ್ತಿಟ್ಟ ಕೆಂಪು ಮತ್ತು ಹಸಿರು ಬಾವುಟಗಳು. ಸೇತುವೆಯ ಚಿತ್ರ ತೆಗೆಯುತ್ತಿರುವುದಾಗಿ ಹೇಳಿದೆ.

“ಬ್ರಿಜ್‌ದ ಫೋಟೋ ತಗಿಯಾಕ ಬರೂದಿಲ್ಲರಿ. ಕಾಯದೆ ಐತಿ.”

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಆ ಕಾಲದಲ್ಲಿ ಅನುಮತಿಯಿಲ್ಲದೆ ರೈಲು ಸೇತುವೆಯ ಚಿತ್ರ ತೆಗೆಯುವಂತಿರಲಿಲ್ಲ. ನಾನು ಶಿಕ್ಷಕ, ಮಕ್ಕಳಿಗೆ ತೋರಿಸಲು ತೆಗೆಯುತ್ತಿದ್ದೇನೆ ಎಂದೆ. ಅವನು ಸ್ವಲ್ಪ ಯೋಚಿಸಿದನು.

“ಹುಡುಗರಿಗೆ ತೋರ್ಸಾಕಂದ್ರ ಹುಡುಗರನ್ನ ಇಲ್ಲಿಗೇ ಕರ್ಕೊಂಡು ಬರ್ರಿ. ನೋಡಾಕ ಯಾರೂ ಬ್ಯಾಡ ಅನ್ನೂದಿಲ್ಲ.”

ಈ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಕ್ಯಾಮೆರಾವನ್ನು ಚರ್ಮದ ಚೀಲಕ್ಕೆ ಹಾಕಿದೆ. ನನ್ನ ಮುಖ ಸಣ್ಣದಾದುದನ್ನು ಕಂಡು ಅವನಿಗೆ ಕನಿಕರವಾಯಿತೆಂದು ತೋರುತ್ತದೆ. ಜಾಲಿಯ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದನು. ನನಗೂ ಒಂದು ಜೋಳದ ರೊಟ್ಟಿ, ಅದರ ಮೇಲೆ ಶೇಂಗಾದ ಚಟ್ನಿ ಬಂದಿತು. ಪ್ರತಿದಿನ ಹಳಿಯಗುಂಟ ನಡೆದು ಸಡಿಲಾದ ಬೆಣೆಗಳನ್ನು ಬಡಿಯುವುದು ಅವನ ಕೆಲಸ. ಮಳೆಗಾಲದಲ್ಲಿ ರಾತ್ರಿಯೆಲ್ಲ ಸೇತುವೆಯ ಬಳಿ ಕಂದೀಲು ಹಿಡಿದು ಕಾವಲು. ಕಂಬದ ಮೇಲಿನ ಕೆಂಪು ಗೆರೆಗೆ ನೀರು ಎಷ್ಟು ಸಮೀಪ ಬಂದಿತೆಂಬುದನ್ನು ನೋಡುತ್ತಿರಬೇಕು. ಕತ್ತಲೆಯಲ್ಲಿ ಗೆರೆ ಕಾಣದಿದ್ದರೆ ಹೇಗೆ ತಿಳಿಯುತ್ತದೆಂದು ಕೇಳಿದೆ.

“ಕಸಾ ನೋಡಬೇಕರಿ. ಹೊಳಿ ಏರುವಾಗ ಕಸಕಡ್ಡಿ ಎಲ್ಲಾ ದಂಡೀಗೆ ಸರೀತಾವ. ಇಳಿಯಾಕ ಹತ್ತಿತಂದ್ರ ನಟ್ಟನಡುವ ಹೋಗತಾವ.”

ಏರುವ ನದಿಯ ಮೇಲ್ಮೈ ನಡುವೆ ಉಬ್ಬಿರುತ್ತದೆ, ಇಳಿಯುವಾಗ ನಡುವೆ ತಗ್ಗುತ್ತದೆ. ಇದರ ಕಾರಣವನ್ನು ನಾನು ಮುಂದೆ ಓದಿ ತಿಳಿದುಕೊಂಡೆ. ಆದರೆ ನಾನು ಕಲಿಸುತ್ತಿದ್ದ ಪುಸ್ತಕದಲ್ಲಿ ಆ ವಿಷಯವಿರಲಿಲ್ಲ. ಮಹಾಬಳೇಶ್ವರದಲ್ಲಿ ಹುಟ್ಟಿ ಬಂಗಾಳ ಕೊಲ್ಲಿಯನ್ನು ಸೇರುವವರೆಗೆ ಕೃಷ್ಣೆಯ ಉದ್ದ ಸುಮಾರು ೧,೪೦೦ ಕಿಲೋಮೀಟರ್ ಎಂಬುದನ್ನು ಮಾತ್ರ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ.

ಎದ್ದು ಕೈ ತೊಳೆದುಕೊಂಡ ಮೇಲೆ ಅವನು ತುಸು ಸಂಕೋಚದಿಂದ, “ಬೇಕಾದರ ನಂದೊಂದು ತಗೀರಿ” ಎಂದನು. ಮದುವೆಯಲ್ಲಿಯೂ ಚಿತ್ರ ತೆಗೆಸಿರಲಿಲ್ಲವಂತೆ. ನಿಲ್ಲುವ ಜಾಗವನ್ನು ಅವನೇ ಆರಿಸಿದನು. ಎರಡು ಸಲ ಹಿಂತಿರುಗಿ ನೋಡಿ, ಸೇತುವೆಯ ಒಂದು ಕಂಬಿಯೂ ಬೀಳದಂತೆ ಜಾಲಿಯ ಗಿಡಗಳಿಗೆ ಬೆನ್ನು ಮಾಡಿ, ಸುತ್ತಿಗೆಯನ್ನು ಹೆಗಲಿಗೇರಿಸಿ ನಿಂತನು. ಅವನ ಹೆಸರನ್ನು ನನ್ನ ವಹಿಯಲ್ಲಿ ಬರೆದುಕೊಂಡೆ.

ಏಪ್ರಿಲ್‌ನಲ್ಲಿ ಅಚ್ಚು ಕೈಗೆ ಬಂದಾಗ ನಿಲ್ದಾಣಕ್ಕೆ ಹೋಗಿ ಕೊಟ್ಟೆ. ಅವನು ಅದನ್ನು ಬಹಳ ಹೊತ್ತು ದೂರ ಹಿಡಿದು, ಹತ್ತಿರ ಹಿಡಿದು ನೋಡಿದನು. “ಟೊಪ್ಪಿಗಿ ವಾರಿ ಆಗೈತಿ. ಆವಾಗ ಹೇಳಬಾರದೇನರಿ?” ಎಂದು ಬೈದನು. ಆಮೇಲೆ, ಸೇವಾಪುಸ್ತಕವನ್ನು ಇಡುವವರ ಹಾಗೆ ಅದನ್ನು ಕಾಗದದಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡನು.

ಫೆಬ್ರುವರಿಯಲ್ಲಿ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಹೋದೆ. ಭಾರತ ಹುಣ್ಣಿಮೆಯ ಆ ಜಾತ್ರೆಗೆ ಕೃಷ್ಣೆಯ ಎರಡೂ ಕಡೆಯಿಂದ, ಮಹಾರಾಷ್ಟ್ರದ ಒಳನಾಡಿನಿಂದ, ಬಂಡಿ ಕಟ್ಟಿಕೊಂಡು ಜನ ಬರುತ್ತಾರೆ. ತೂರಿದ ಭಂಡಾರದಿಂದ ನೆಲ, ಎತ್ತು, ಕಂಬಳಿ, ಮುಖ ಎಲ್ಲವೂ ಹಳದಿ. ನನ್ನ ಫಿಲ್ಮಿಗೆ ಬಣ್ಣವಿರಲಿಲ್ಲವೆಂಬುದು ಅಲ್ಲಿಗೆ ಹೋದ ಮೇಲೆ ನೆನಪಾಯಿತು. ಬಂಡಿಗಳ ಸಾಲಿನ ನಡುವೆ ಒಬ್ಬ ಮುದುಕಿ ಮೂರು ಕಲ್ಲಿನ ಒಲೆಯ ಮುಂದೆ ಕುಳಿತಿದ್ದಳು. ಹೊಗೆಯ ಮೂಲಕ ಬಿಸಿಲು ಅವಳ ಮುಖದ ಮೇಲೆ ಬಿದ್ದಿತ್ತು. ಗ್ಯಾಂಗ್‌ಮನ್ ಕೊಟ್ಟ ಧೈರ್ಯವೋ ಏನೋ, ಕೇಳದೆಯೇ ಗುಂಡಿ ಒತ್ತಿದೆ. ಆ ಸದ್ದಿಗೆ ಅವಳು ತಲೆಯೆತ್ತಿದಳು.

“ಯಾರನ್ನ ಕೇಳಿ ತಗದಿ?”

ನಾನು ತೊದಲಿದೆ.

“ನನ್ನ ಮಾರಿ ನಿನ್ನ ಮನಿಗೆ ಯಾಕ ಒಯ್ತಿ? ನಾ ನಿನಗ ಏನಾಗಬೇಕು?”

ಮಾಡಬಾರದ ಕೆಲಸವನ್ನು ಆಗ ಮಾಡಿದೆ: ಜೇಬಿನಿಂದ ಎರಡು ರೂಪಾಯಿ ತೆಗೆದೆ. ಅವಳು ಅದರ ಕಡೆಗೆ ನೋಡಲೂ ಇಲ್ಲ. ಸೆರಗನ್ನು ಮುಖದ ಮೇಲೆಳೆದುಕೊಂಡು ಒಲೆಯ ಕಡೆಗೆ ತಿರುಗಿದಳು. ಸುತ್ತಲಿದ್ದವರು ನನ್ನನ್ನು ನೋಡುತ್ತಿದ್ದರು. ಆ ಚಿತ್ರವನ್ನು ನಾನು ಎಂದೂ ಅಚ್ಚು ಹಾಕಿಸಲಿಲ್ಲ. ಈ ನಲವತ್ತು ವರ್ಷಗಳಲ್ಲಿ ಅವಳ ಪ್ರಶ್ನೆಗೆ ಹಲವು ಉತ್ತರಗಳನ್ನು ಯೋಚಿಸಿದ್ದೇನೆ. ಅವಳೆದುರು ನಿಂತು ಹೇಳಬಹುದಾದ ಒಂದೂ ಸಿಕ್ಕಿಲ್ಲ.

ಚಿಂಚಲಿಗೂ ಮೊದಲು ನಡೆದ ಒಂದು ಸಂಗತಿಯನ್ನು ನಾನು ಹಿಂದಕ್ಕೆ ಸರಿಸಿದ್ದೇನೆ. ಹೇಳುವುದು ಕಷ್ಟವಾದದ್ದರಿಂದ ಹಾಗೆ ಮಾಡಿದೆ.

ಸೇತುವೆಯ ಬಳಿ ಹೋದ ಮುಂದಿನ ರವಿವಾರ ಉಗಾರದ ದಾರಿಯಲ್ಲಿ ಕಬ್ಬಿನ ಗದ್ದೆಯ ಚಿತ್ರಕ್ಕಾಗಿ ಹೊರಟಿದ್ದೆ. ಉಗಾರ ಖುರ್ದದ ಸಕ್ಕರೆ ಕಾರ್ಖಾನೆ ೧೯೩೯ರಷ್ಟು ಹಳೆಯದು. ಚಳಿಗಾಲ ಬಂದಿತೆಂದರೆ ಈ ಸೀಮೆಯ ಕಬ್ಬನ್ನು ಕಡಿಯಲು ಬೀಡ ಮೊದಲಾದ ಮಳೆ ಕಡಿಮೆಯ ಜಿಲ್ಲೆಗಳಿಂದ ಟೋಳಿಗಳು ಬರುತ್ತವೆ. ಗಂಡ ಹೆಂಡಿರಿಬ್ಬರೂ ಕಡಿಯುತ್ತಾರೆ. ದಸರೆ-ದೀಪಾವಳಿಯ ಹೊತ್ತಿಗೆ ಮನೆ ಬಿಟ್ಟವರು ಯುಗಾದಿಯ ಸುಮಾರಿಗೆ ಮರಳುತ್ತಾರೆ. ರವದಿಯಿಂದ ಕಟ್ಟಿದ ಗುಡಿಸಲುಗಳ ಬಳಿ ಒಬ್ಬ ಹೆಣ್ಣುಮಗಳು ಬಂಡಿಯ ನೊಗಕ್ಕೆ ಕಟ್ಟಿದ ಜೋಳಿಗೆಯಲ್ಲಿ ಕೂಸನ್ನು ತೂಗುತ್ತಿದ್ದಳು. ನನ್ನ ಕೊರಳಲ್ಲಿದ್ದ ಕ್ಯಾಮೆರಾವನ್ನು ಕಂಡು ತಾನಾಗಿಯೇ ಮಾತನಾಡಿಸಿದಳು. ಮರಾಠಿಯಲ್ಲಿ ಕೇಳಿದ್ದು ಇಷ್ಟೆ: ಕೂಸು ಇಲ್ಲಿಗೆ ಬಂದ ಮೇಲೆ ಹುಟ್ಟಿದ್ದು, ಒಂದೂವರೆ ತಿಂಗಳಾಯಿತು; ಊರಿನಲ್ಲಿ ಅತ್ತೆ, ತಾಯಿ ಯಾರೂ ನೋಡಿಲ್ಲ; ಊರ ಕಡೆಗೆ ಹೋಗುವವರೊಬ್ಬರಿದ್ದಾರೆ, ಒಂದು ಫೋಟೋ ಸಿಕ್ಕರೆ ಕಳಿಸಬಹುದಿತ್ತು.

ಅವಳು ಕೂಸನ್ನೆತ್ತಿಕೊಂಡು ಎತ್ತಿನ ಪಕ್ಕದಲ್ಲಿ ನಿಂತಳು. ನಾನು ಚಿತ್ರ ತೆಗೆದೆ. “ಮುಂದಿನ ರವಿವಾರ ತಂದು ಕೊಡುತ್ತೇನೆ” ಎಂದೆ.

ಕೆಂಪು ಕಿಂಡಿಯಲ್ಲಿ ಮೂಡಿದ ಅಂಕಿ ಆರು. ಇನ್ನೂ ಏಳು ಚಿತ್ರಗಳು ಉಳಿದಿದ್ದವು. ಅರ್ಧ ಸುರುಳಿಯನ್ನು ಹಾಳುಮಾಡಿ ತೊಳೆಸಲು ನನ್ನ ಜಿಪುಣತನ ಒಪ್ಪಲಿಲ್ಲ. ಮುಂದಿನ ರವಿವಾರ ಹೋಗಲಿಲ್ಲ. ಅದರ ಮುಂದಿನ ರವಿವಾರ ಯಾವುದೋ ಕೆಲಸ ಬಂತು. ಜಾತ್ರೆಗೆಂದು ಎರಡು ಚಿತ್ರ ಉಳಿಸಿಕೊಂಡೆ, ಆಮೇಲೆ ಪರೀಕ್ಷೆಗಳು. ಮಿರಜಿನಿಂದ ಅಚ್ಚುಗಳನ್ನು ತಂದು ಆ ದಾರಿಗೆ ಹೋದಾಗ ಕಾರ್ಖಾನೆಯ ಹಂಗಾಮು ಮುಗಿದಿತ್ತು. ಗುಡಿಸಲಿದ್ದಲ್ಲಿ ರವದಿಯ ಬೂದಿ, ಒಲೆಯ ಮೂರು ಕಲ್ಲು. ಗ್ಯಾಂಗ್‌ಮನ್ನಿಗೂ ಚಿತ್ರ ತಡವಾಗಿಯೇ ಮುಟ್ಟಿತ್ತು, ನಿಜ. ಆದರೆ ಅವನು ಅಲ್ಲಿಯೇ ಇರುವವನು. ಇವಳು ಹೋಗುವವಳೆಂಬುದು ನನಗೆ ಗೊತ್ತಿತ್ತು. ಭೂಗೋಲದ ಪಾಠದಲ್ಲಿ ಹಂಗಾಮಿನ ವಲಸೆಯೆಂಬುದನ್ನು ನಾನೇ ಕಲಿಸುತ್ತಿದ್ದೆ. ಅವಳ ಹೆಸರನ್ನು ಕೇಳಿರಲಿಲ್ಲ.

ಮರುವರ್ಷದ ಚಳಿಗಾಲದಲ್ಲಿ ಚಿತ್ರವನ್ನು ಕಿಸೆಯಲ್ಲಿಟ್ಟುಕೊಂಡು ಗುಡಿಸಲಿನಿಂದ ಗುಡಿಸಲಿಗೆ ಅಲೆದೆ. ಕೈಯಿಂದ ಕೈಗೆ ಹೋಗಿ ಅದರ ಅಂಚು ಕಪ್ಪಾಯಿತು. ಹೆಣ್ಣುಮಗಳನ್ನು ಯಾರೂ ಗುರುತಿಸಲಿಲ್ಲ. ಕೊನೆಗೆ ಒಂದು ಟೋಳಿಯ ಮುಕಾದಮನು ಚಿತ್ರವನ್ನು ಬೆಳಕಿಗೆ ಹಿಡಿದು, “ಈ ಎತ್ತು ಗೊತ್ತದ” ಎಂದನು. ಎಡಗೊಂಬು ತುದಿ ಮುರಿದು ಕೆಳಕ್ಕೆ ಬಾಗಿತ್ತು. ಸಾಂಗೋಲೆಯ ಸಂತೆಯಲ್ಲಿ ಆ ಜೋಡಿಯನ್ನು ಕೊಳ್ಳುವಾಗ ತಾನೂ ಇದ್ದೆನೆಂದನು. ಆ ಮನೆಯವರು ಈ ವರ್ಷ ಬೇರೆ ಕಾರ್ಖಾನೆಗೆ ಹೋಗಿದ್ದಾರಂತೆ. ಕಂಡರೆ ಕೊಡುತ್ತೇನೆಂದು ಚಿತ್ರವನ್ನು ಮುಂಡಾಸಿನ ಮಡಿಕೆಯಲ್ಲಿ ಇಟ್ಟುಕೊಂಡನು. ಕೂಸು ಹೇಗಿದೆ ಎಂದು ಕೇಳಿದೆ. ಅವನಿಗೆ ಕೂಸಿನ ವಿಷಯವೇ ತಿಳಿದಿರಲಿಲ್ಲ. ಚಿತ್ರ ಮುಟ್ಟಿತೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ.

ಹಲವು ವರ್ಷಗಳಾದ ಮೇಲೆ ಡೊರೊಥಿಯಾ ಲ್ಯಾಂಗ್ ಎಂಬ ಅಮೆರಿಕದ ಛಾಯಾಗ್ರಾಹಕಿಯ ಬಗ್ಗೆ ಓದಿದೆ. ೧೯೩೬ರ ಮಾರ್ಚ್ ತಿಂಗಳಲ್ಲಿ ಅವರು ಕ್ಯಾಲಿಫೋರ್ನಿಯಾದ ನಿಪೊಮೊ ಎಂಬಲ್ಲಿ ಬಟಾಣಿ ಕೀಳುವ ವಲಸೆ ಕೂಲಿಗಳ ಬಿಡಾರವೊಂದನ್ನು ದಾಟಿ ಇಪ್ಪತ್ತು ಮೈಲಿ ಮುಂದೆ ಹೋಗಿದ್ದರು. ಮನಸ್ಸು ತಡೆಯದೆ ಕಾರನ್ನು ಹಿಂದಿರುಗಿಸಿದರು. ಅಲ್ಲಿ ಮಕ್ಕಳೊಡನೆ ಕುಳಿತಿದ್ದ ತಾಯಿಯೊಬ್ಬಳ ಚಿತ್ರ ತೆಗೆದರು. ಹಿಮದಿಂದ ಬೆಳೆ ಕೆಟ್ಟು ಕೂಲಿಗಳಿಗೆ ಕೆಲಸವಿರಲಿಲ್ಲ. ‘ವಲಸಿಗ ತಾಯಿ’ ಎಂಬ ಆ ಚಿತ್ರವನ್ನು ಜಗತ್ತೆಲ್ಲ ಬಲ್ಲದು. ಆ ತಾಯಿಯ ಹೆಸರನ್ನು ತಾನು ಕೇಳಲಿಲ್ಲ, ಅವಳ ವಯಸ್ಸು ಮೂವತ್ತೆರಡು ಎಂಬುದಷ್ಟೇ ತಿಳಿಯಿತು ಎಂದು ಲ್ಯಾಂಗ್ ಮುಂದೆ ಬರೆದರು. ನಲವತ್ತೆರಡು ವರ್ಷಗಳ ನಂತರ, ೧೯೭೮ರಲ್ಲಿ, ಪತ್ರಕರ್ತರೊಬ್ಬರು ಆ ತಾಯಿಯನ್ನು ಹುಡುಕಿ ತೆಗೆದರು. ಅವಳ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಅವಳ ದೂರುಗಳಲ್ಲಿ ಒಂದು ನನ್ನನ್ನು ಕುಟುಕಿತು: ಒಂದು ಪ್ರತಿ ಕಳಿಸುತ್ತೇನೆಂದವರು ಕಳಿಸಲಿಲ್ಲ. ಲ್ಯಾಂಗ್ ಅವರ ಚಿತ್ರ ಸಾವಿರಾರು ಜನರ ಕಣ್ಣು ತೆರೆಸಿತು. ಅದರ ಪರವಾಗಿ ಹೇಳಬಹುದಾದದ್ದು ಬಹಳವಿದೆ. ನನ್ನ ಚಿತ್ರದ ಪರವಾಗಿ ಹೇಳಲು ಅಂಥದ್ದೇನೂ ಇರಲಿಲ್ಲ.

೨೦೧೯ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದಳು. ಕುಡಚಿ–ಉಗಾರ ರಸ್ತೆಯ ಸೇತುವೆ ಮುಳುಗಿತು. ತಗ್ಗಿನ ಮನೆಗಳಲ್ಲಿ ನೀರು ನಿಂತಿತು. ನಾನು ಆ ಹೊತ್ತಿಗೆ ನಿವೃತ್ತನಾಗಿದ್ದೆ. ನೀರಿಳಿದ ಮೇಲೆ ಮೊಬೈಲ್ ಹಿಡಿದುಕೊಂಡು ಹಳೆಯ ದಾರಿಗಳಲ್ಲಿ ಹೋದೆ. ಗೋಡೆಗಳ ಮೇಲೆ ನೀರು ನಿಂತ ಗೆರೆ ಎದೆಮಟ್ಟಕ್ಕಿತ್ತು. ಆ ದಿನಗಳಲ್ಲಿ ಚಿತ್ರ ಬೇಡವೆನ್ನುವವರು ಯಾರೂ ಇರಲಿಲ್ಲ. ಬಿದ್ದ ಗೋಡೆಯ ಚಿತ್ರ ಪರಿಹಾರದ ಅರ್ಜಿಗೆ ಬೇಕಾಗಿತ್ತು. ಜನ ಕೈಹಿಡಿದು ಒಳಗೆ ಕರೆದೊಯ್ಯುತ್ತಿದ್ದರು.

ಒಂದು ಮನೆಯ ಮುಂದೆ ಕಾಲೇಜು ಓದುವ ವಯಸ್ಸಿನ ಹುಡುಗಿಯೊಬ್ಬಳು ಹೊರಸಿನ ಮೇಲೆ ಕಾಗದಗಳನ್ನು ಹರವಿ ಒಣಗಿಸುತ್ತಿದ್ದಳು. ಪಡಿತರ ಚೀಟಿ, ಅಂಕಪಟ್ಟಿ, ಲಗ್ನಪತ್ರಿಕೆ. “ಪಂಚನಾಮೆಗೆ ಬಂದೀರೇನ್ರಿ ಅಜ್ಜಾರ?” ಎಂದು ಕೇಳಿದಳು. ಇಲ್ಲವೆಂದೆ. ನನ್ನ ಕಣ್ಣು ಕಾಗದಗಳ ನಡುವಿದ್ದ, ಬಿಳಿಯ ಅಂಚಿನ ಒಂದು ಚೌಕ ಚಿತ್ರದ ಮೇಲೆ ನಿಂತಿತು. ಹೆಗಲ ಮೇಲೆ ಸುತ್ತಿಗೆ, ಹಿಂದೆ ಜಾಲಿಯ ಗಿಡಗಳು.

“ನಮ್ಮ ಮುತ್ಯಾರಿ” ಎಂದಳು. “ಜಲಮೆಲ್ಲಾ ಆ ಬ್ರಿಜ್ ಕಾಯ್ದಾನ. ಫೋಟೋ ತಗದಾಂವ ಬ್ರಿಜ್ ಬಿಟ್ಟು ಜಾಲಿಗಿಡಾ ತಗದಾನ ನೋಡ್ರಿ. ಎಂಥಾ ಶಾಣ್ಯಾ ಇದ್ದಾನೋ!”

ನಾನು ನಕ್ಕೆ. ಆ ಶಾಣ್ಯಾ ನಾನೇ ಎಂದು ಹೇಳಿದಾಗ ಅವಳು ನಂಬಲಿಲ್ಲ. ಟೊಪ್ಪಿಗೆ ವಾರೆಯಾಗಿದೆಯೆಂದು ನಿಮ್ಮ ಮುತ್ಯಾ ನನ್ನನ್ನು ಬೈದಿದ್ದರು ಎಂದೆ. ಅವಳು ಚಿತ್ರವನ್ನು ಬಾಗಿ ನೋಡಿದಳು. ಮುತ್ಯಾ ತೀರಿಕೊಂಡು ಹನ್ನೊಂದು ವರ್ಷವಾಯಿತಂತೆ. ಮನೆಯಲ್ಲಿ ಇರುವುದು ಇದೊಂದೇ ಚಿತ್ರವಂತೆ. ಸೇತುವೆ ಅದರಲ್ಲಿ ಏಕಿಲ್ಲವೆಂಬ ಕಥೆಯನ್ನು ಹೇಳಿದೆ. ಅವಳು ಒಳಗೆ ಹೋಗಿ ತಾಯಿಯನ್ನು ಕರೆದುಕೊಂಡು ಬಂದು, ಮತ್ತೊಮ್ಮೆ ಮೊದಲಿನಿಂದ ಹೇಳಿಸಿದಳು. ಚಿತ್ರದ ಒಂದು ಮೂಲೆಯಲ್ಲಿ ಮೇಲ್ಪದರ ಎದ್ದು ಸುತ್ತಿಗೆಯ ಅರ್ಧ ಭಾಗ ಹೋಗಿತ್ತು.

ಮನೆಗೆ ಬಂದು ಬಿಸ್ಕತ್ತಿನ ಡಬ್ಬಿಯನ್ನು ಅಟ್ಟದಿಂದ ಇಳಿಸಿದೆ. ಮೂರು ಮೂರು ಚಿತ್ರಗಳಿಗೊಂದರಂತೆ ಕತ್ತರಿಸಿದ ನೆಗೆಟಿವ್ ಪಟ್ಟಿಗಳು. ಎರಡನೆಯ ಪಟ್ಟಿಯನ್ನು ಕಿಟಕಿಗೆ ಹಿಡಿದೆ. ನಾಲ್ಕನೆಯದು ಗ್ಯಾಂಗ್‌ಮನ್, ಅವನ ಪಕ್ಕದಲ್ಲಿಯೇ, ಎರಡು ಗೆರೆಯಷ್ಟು ಜಾಗ ಬಿಟ್ಟು, ಐದನೆಯದು: ಹೆಣ್ಣುಮಗಳು, ಕೂಸು, ಎತ್ತು.

ಎರಡನ್ನೂ ಹೊಸದಾಗಿ ಅಚ್ಚು ಹಾಕಿಸಿದೆ. ಒಂದನ್ನು ಅದೇ ವಾರ ಕುಡಚಿಗೆ ಹೋಗಿ ಕೊಟ್ಟು ಬಂದೆ. ಇನ್ನೊಂದರ ಹಿಂದೆ ‘ಉಗಾರದ ದಾರಿ, ಜನವರಿ ೧೯೮೩’ ಎಂದು ಬರೆದು ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಕೂಸಿಗೆ ಈಗ ನಲವತ್ತು ದಾಟಿರಬೇಕು. ಕಬ್ಬಿನ ಹಂಗಾಮು ಆರಂಭವಾದಾಗ ಅದನ್ನು ಚೀಲದಲ್ಲಿಟ್ಟುಕೊಂಡು ಒಂದೆರಡು ಬಿಡಾರಗಳಿಗಾದರೂ ಹೋಗುತ್ತೇನೆ. ಈಗ ಎತ್ತಿನ ಬಂಡಿಗಳಿಗಿಂತ ಟ್ರ್ಯಾಕ್ಟರುಗಳೇ ಹೆಚ್ಚು. ಆದರೂ ವಯಸ್ಸಾದ ಗಾಡಿಕಾರರು ಚಿತ್ರವನ್ನು ಕೈಗೆ ತೆಗೆದುಕೊಂಡರೆ ಮೊದಲು ಎತ್ತಿನ ಕೊಂಬನ್ನೇ ನೋಡುತ್ತಾರೆ.